ಕಂಬದ ಬುಡ ಯಾರೂ ನೋಡುವುದಿಲ್ಲ

ಮಳೆಯೇ ಅಪರೂಪವಾದ ಊರಿನಲ್ಲಿ ಮರ ಕೊಳೆಯುವುದುಂಟೇ? ಕೊಲ್ಲಿಯ ಬೋಟ್ ಯಾರ್ಡ್‌ಗಳಲ್ಲಿ 22 ವರ್ಷ ಬಡಗಿ ಕೆಲಸ ಮಾಡಿ, ಈಗ ಉಳ್ಳಾಲದ ಮನೆಯಲ್ಲಿ ವಿಶ್ರಾಂತಿಯಲ್ಲಿರುವ ನೆರೆಮನೆಯ ಕಾಕನನ್ನು ಕೇಳಿ ನೋಡಿ. “ಕೊಳೆಯುತ್ತದೆ ಮೋನೆ. ಮಳೆ ಬಾರದಿದ್ದರೆ ಮನುಷ್ಯನೇ ನೀರು ಕುಡಿಸಿ ಕೊಳೆಸುತ್ತಾನೆ” ಎನ್ನುತ್ತಾರೆ.

ಕಾಕ ಉಳಿ ಹಿಡಿಯಲು ಕಲಿತದ್ದು ಮಂಗಳೂರಿನ ಬಂದರಿನಲ್ಲಿ. ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳು ಮಳೆಗಾಲದಲ್ಲಿ ದಡ ಸೇರಿದಾಗ ಅವುಗಳ ದುರಸ್ತಿಗೆ ಹೋಗುತ್ತಿದ್ದರು. ಆಮೇಲೆ ಎಲ್ಲರಂತೆ ವಿಮಾನ ಹತ್ತಿದರು. ಅಲ್ಲಿ ಸಿಕ್ಕಿದ್ದು ಬೇರೆಯೇ ದೋಣಿಗಳು. ಹೊರಗೆಲ್ಲ ಫೈಬರ್, ಒಳಗೆ ಮಾತ್ರ ಅಲ್ಲಲ್ಲಿ ಮರ. ಅಂಥದೊಂದು ಹಳೆಯ ಹಾಯಿದೋಣಿಯ ಕಥೆಯನ್ನು ಅವರು ಈಗಲೂ ಮರೆತಿಲ್ಲ.

ಸುಮಾರು 30 ಅಡಿಯ, 30 ವರ್ಷ ದಾಟಿದ ದೋಣಿ. ಅದರ ಹಾಯಿಕಂಬ ತಳದವರೆಗೆ ಇಳಿಯುವುದಿಲ್ಲ, ಡೆಕ್ಕಿನ ಮೇಲೆಯೇ ನಿಂತಿರುತ್ತದೆ. ಅದು ಬೀಳದಂತೆ ಸುತ್ತಲೂ ಉಕ್ಕಿನ ತಂತಿಗಳನ್ನು ಬಿಗಿದು ಕಟ್ಟಿರುತ್ತಾರೆ. ತಂತಿ ಬಿಗಿದಷ್ಟೂ ಹಾಯಿಕಂಬ ಕೆಳಗೆ ಒತ್ತುತ್ತದೆ. ಗಾಳಿ ತುಂಬಿದಾಗ ಆ ಒತ್ತಡ ಟನ್ ಲೆಕ್ಕಕ್ಕೆ ಹೋಗುತ್ತದೆ. ತೆಳ್ಳಗಿನ ಡೆಕ್ ಅದನ್ನು ತಡೆಯುವುದಿಲ್ಲ. ಅದಕ್ಕೇ ಡೆಕ್ಕಿನ ಅಡಿಯಲ್ಲಿ, ಕ್ಯಾಬಿನ್ನಿನ ಒಳಗೆ, ಒಂದು ಮರದ ಆಧಾರಕಂಬ. ಭಾರವೆಲ್ಲ ಅದರ ಮೂಲಕ ದೋಣಿಯ ತಳಕ್ಕೆ ಇಳಿಯುತ್ತದೆ.

ಮಾಲಕ ಬಂದಾಗ ಹೇಳಿದ ದೂರು ಸಣ್ಣದು: “ತಂತಿ ಎಷ್ಟು ಬಿಗಿದರೂ ಮತ್ತೆ ಸಡಿಲವಾಗುತ್ತದೆ. ಒಳಗಿನ ಶೌಚಾಲಯದ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ.” ಕಾಕ ಡೆಕ್ಕಿನ ಮೇಲೆ ಒಂದು ನೇರ ಪಟ್ಟಿ ಅಡ್ಡ ಇಟ್ಟು ನೋಡಿದರು. ಹಾಯಿಕಂಬದ ಸುತ್ತ ಅರ್ಧ ಇಂಚು ತಗ್ಗಿತ್ತು! ಬಾಗಿಲು ಸಿಕ್ಕಿಹಾಕಿಕೊಳ್ಳಲು ಕಾರಣ ಬಾಗಿಲಲ್ಲ, ಮೇಲಿನಿಂದ ಡೆಕ್ ಇಳಿದದ್ದು.

ಆಧಾರಕಂಬ ನೋಡಲಿಕ್ಕೆ ಗಟ್ಟಿಯೇ ಇತ್ತು, ವಾರ್ನಿಷ್ ಹೊಳೆಯುತ್ತಿತ್ತು. ಸುತ್ತಿಗೆಯಿಂದ ತಟ್ಟುತ್ತಾ ಬಂದರೆ ಮೇಲೆ ಟಣ್ ಟಣ್, ಬುಡದಲ್ಲಿ ಮಾತ್ರ ಡಬ್ ಡಬ್. ನೆಲದ ಹಲಗೆ ತೆಗೆದು ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೆ ಒಳಗೆ ಹೋಯಿತು. ಕಂದು ಪುಡಿ ಕೈಗೆ ಬಂತು.

ನೀರು ಎಲ್ಲಿಂದ? ಹಾಯಿಕಂಬದ ದೀಪದ ವೈರ್ ಇಳಿಯಲು ಡೆಕ್ಕಿನಲ್ಲಿ ಒಂದು ತೂತು. ಧೂಳಿನ ಊರಾದ ಕಾರಣ ಪೈಪು ಹಿಡಿದು ವಾರಕ್ಕೆರಡು ಸಲ ಡೆಕ್ ತೊಳೆಯುವುದು. ಆ ನೀರು ತೂತಿನಿಂದ ಇಳಿದು, ಕಂಬದ ಮೈಮೇಲೆ ಹರಿದು, ಬುಡದಲ್ಲಿ ನಿಲ್ಲುತ್ತಿತ್ತು. ಬುಡಕ್ಕೆ ಫೈಬರ್ ಸುತ್ತಿದ್ದರಿಂದ ಬಟ್ಟಲಿನಲ್ಲಿಟ್ಟ ಹಾಗೆ ನೀರು ಆರಲೂ ಇಲ್ಲ. “ಉಪ್ಪುನೀರು ಮರಕ್ಕೆ ಅಷ್ಟು ಶತ್ರು ಅಲ್ಲ. ಸಿಹಿನೀರೇ ಮರವನ್ನು ತಿನ್ನುವ ಬೂಷ್ಟು ಬೆಳೆಸುವುದು” ಎನ್ನುತ್ತಾರೆ ಕಾಕ.

ಮೇಲ್ವಿಚಾರಕನದ್ದು ಬೇರೆ ಲೆಕ್ಕ. “ಬುಡಕ್ಕೆ ಎರಡು ಬೆಣೆ ಹೊಡಿ, ಮೇಲೆ ಪೇಂಟ್ ಕೊಡು. ಶುಕ್ರವಾರ ದೋಣಿ ನೀರಿಗಿಳಿಯಬೇಕು.” ಕಾಕ ಒಪ್ಪಲಿಲ್ಲ. “ಪೇಂಟ್ ಕೊಟ್ಟರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಮೋನೆ. ಆದರೆ ಅದರಲ್ಲಿ ಆ ಮನುಷ್ಯನ ಎರಡು ಮಕ್ಕಳು ಹೋಗ್ಲಿಕ್ಕುಂಟು. ಸಮುದ್ರದ ಮಧ್ಯೆ ಹಾಯಿಕಂಬ ಮುರಿದು ಬಿದ್ದರೆ? ಕೆಲಸವೂ ಒಂದು ಅಮಾನತ್ತೇ ಅಲ್ವಾ? ನಾಳೆ ಅಲ್ಲಾಹನ ಮುಂದೆ ಎಂತ ಹೇಳುವುದು?” ಮಾಲಕನನ್ನೇ ಕರೆದು ಸ್ಕ್ರೂಡ್ರೈವರ್ ಅವನ ಕೈಗೆ ಕೊಟ್ಟರು. ಅವನೇ ಒತ್ತಿ ನೋಡಿದ. ಆ ತಿಂಗಳು ಕಾಕನಿಗೆ ಓವರ್‌ಟೈಮ್ ಸಿಗಲಿಲ್ಲ.

ಮೊದಲು ಕ್ರೇನಿನಿಂದ ಹಾಯಿಕಂಬ ಇಳಿಸಿದರು. ಒಳಗೆ ಜಾಕಿ ಇಟ್ಟು, ಭಾರ ಹಂಚಲು ಅದರ ಮೇಲೆ ದಪ್ಪ ಹಲಗೆ ಕೊಟ್ಟು, ಡೆಕ್ಕನ್ನು ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಿದರು. ಅವಸರ ಮಾಡಿದರೆ ಫೈಬರ್ ಬಿರುಕು ಬಿಡುತ್ತದೆ. ಕೊಳೆತ ಕಂಬ ತೆಗೆದರೆ ಅದರ ಕೆಳಗಿನ ಮರದ ತುಂಡೂ ಕೊಳೆತಿತ್ತು. ಅದನ್ನೂ ಕೆತ್ತಿ ತೆಗೆದು, ಜಾಗವನ್ನು ಪೂರ್ತಿ ಒಣಗಿಸಿದರು. ಹೊಸ ಸಾಗುವಾನಿ ಕಂಬದ ಅಳತೆ ತೆಗೆದದ್ದು ಡೆಕ್ ಮಟ್ಟಕ್ಕೆ ಬಂದ ಮೇಲೆಯೇ. ಹಳೆಯ ಕಂಬದ ಅಳತೆಗೇ ಕೊಯ್ದಿದ್ದರೆ ಹಳೆಯ ತಗ್ಗೇ ಉಳಿಯುತ್ತಿತ್ತು. ಮರ ನೀರು ಹೀರುವುದು ಕೊಯ್ದ ತುದಿಯಿಂದ. ಹಾಗಾಗಿ ಎರಡೂ ತುದಿಗೆ ಮೂರು ಕೋಟು ಎಪಾಕ್ಸಿ ಕೊಟ್ಟರು. ಬುಡದಡಿ ನೀರು ಹೀರದ ದಪ್ಪ ಫೈಬರ್ ಹಲಗೆ ಇಟ್ಟು, ನೀರು ಹರಿದುಹೋಗಲು ಸಣ್ಣ ದಾರಿ ಬಿಟ್ಟರು. ಬುಡಕ್ಕೆ ಏನನ್ನೂ ಸುತ್ತಲಿಲ್ಲ. ಕೊನೆಗೆ ಡೆಕ್ಕಿನ ವೈರ್ ತೂತನ್ನು ಭದ್ರವಾಗಿ ಮುಚ್ಚಿದರು. “ಆ ತೂತು ಬಿಟ್ಟಿದ್ದರೆ ಹೊಸ ಕಂಬ ಹಾಕಿಯೂ ಎಂತ ಪ್ರಯೋಜನ?” ಎಂಬುದು ಕಾಕನ ಪ್ರಶ್ನೆ.

ಹಾಯಿಕಂಬ ಮತ್ತೆ ನಿಲ್ಲಿಸುವಾಗ ಮಾಲಕ ಅದರ ಬುಡಕ್ಕೆ ಒಂದು ನಾಣ್ಯ ಹಾಕಿದ. ಅದು ಪಾಶ್ಚಾತ್ಯ ನಾವಿಕರ ಹಳೆಯ ಪದ್ಧತಿ. “ಅವನದ್ದು ಅವನಿಗೆ. ನಾನು ಬಿಸ್ಮಿಲ್ಲಾ ಹೇಳಿ ಜಾಕಿ ಇಳಿಸಿದೆ” ಎಂದು ಕಾಕ ನಗುತ್ತಾರೆ. ಕೆಲವು ವಾರ ಕಳೆದು ಬಂದು ನೋಡಿದಾಗ ಡೆಕ್ ಮಟ್ಟವಾಗಿಯೇ ಇತ್ತು. ಬಾಗಿಲೂ ಮುಚ್ಚುತ್ತಿತ್ತು.

ನಮ್ಮಲ್ಲಿ ಹಾಯಿದೋಣಿ ಇರುವ ಮನೆ ಎಷ್ಟು? ಆದರೆ ಜಗಲಿಯ ಮರದ ಕಂಬ, ಬಚ್ಚಲಿನ ದಾರಂದ ಇಲ್ಲದ ಹಳೆಯ ಮನೆ ಕಡಿಮೆ. ಮಳೆಗಾಲಕ್ಕೆ ಮೊದಲು ಒಮ್ಮೆ ಬುಡದಲ್ಲಿ ತಟ್ಟಿ ನೋಡಿ, ಮೊನಚಾದದ್ದರಿಂದ ಒತ್ತಿ ನೋಡಿ ಎನ್ನುತ್ತಾರೆ ಕಾಕ. ಮೆತ್ತಗಾಗಿದ್ದರೆ ಮೇಲೆ ಸಿಮೆಂಟ್ ಮೆತ್ತಬೇಡಿ. ನೀರು ಬರುವ ದಾರಿ ಮೊದಲು ಹುಡುಕಿ.

ಮಾತು ಮುಗಿಸಿ ಅಸರ್ ನಮಾಝಿಗೆ ಹೊರಟ ಕಾಕ, ಜಗಲಿ ಇಳಿಯುವಾಗ ನಮ್ಮ ಮನೆಯ ಕಂಬದ ಬುಡಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. “ಇದಕ್ಕೆ ಇನ್ನೂ ಜೀವ ಉಂಟು. ಆದರೆ ಆ ಮೂಲೆಯ ಹಂಚು ಒಂದು ಬದಲಿಸಿ” ಎಂದರು.