ನಾಯಿಮರಿಯ ಶಿಕ್ಷಣ

ಎರಡು ತಿಂಗಳ ಹಿಂದೆ ವಾಚಕರೊಬ್ಬರು ನಮ್ಮ ಕಾರ್ಯಾಲಯಕ್ಕೆ ಒಂದು ಜಾಹೀರಾತು ಕೊಡಲು ಬಂದರು. ಮುಂಬಯಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಚಾಳಿನ ಒಂದೇ ಖೋಲಿಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವೃದ್ಧ ತಾಯಿಯೊಡನೆ ಸಂಸಾರ. ಅವರು ಬರೆದು ತಂದ ಚೀಟಿಯಲ್ಲಿದ್ದುದು ಇಷ್ಟೆ: "ಎರಡೂವರೆ ತಿಂಗಳ ಬಿಳಿಯ ಪಾಮೇರಿಯನ್ ಮರಿ. ಬೇಕಾದವರು ಕೊಂಡೊಯ್ಯಬಹುದು. ಹಣ ಬೇಡ."

ಕಾರಣವೇನೆಂದು ಕೇಳಿದೆವು. ಮಕ್ಕಳ ಹಟಕ್ಕೆ ತಂದ ಮರಿಯು ಹತ್ತೇ ದಿನಗಳಲ್ಲಿ ಹಾಸಿಗೆಯನ್ನೂ ಅಕ್ಕಿ ಡಬ್ಬದ ಮಗ್ಗುಲನ್ನೂ ದೇವರ ಮಂಟಪದ ಮುಂಭಾಗವನ್ನೂ ತೇವ ಮಾಡಿ ಮುಗಿಸಿತ್ತು. ಮಡಿ ಕೆಟ್ಟಿತೆಂದು ತಾಯಿಯವರು ಒಂದು ಹೊತ್ತು ಊಟ ಬಿಟ್ಟಿದ್ದರು. "ಭಾನುವಾರದೊಳಗೆ ಯಾರೂ ಒಯ್ಯದಿದ್ದರೆ ಸ್ಟೇಶನ್ನಿನ ಆಚೆ ಬಿಟ್ಟು ಬರುವುದೇ ಸೈ, ಸ್ವಾಮಿ" ಎಂದರು. ಹಾಗೆನ್ನುವಾಗ ಅವರ ಮುಖ ಬಾಡಿತ್ತು.

ನಾವು ಹಣ ತೆಗೆದುಕೊಳ್ಳಲಿಲ್ಲ. ನಾಲ್ಕು ವಾರ ಆ ಚೀಟಿ ನಮ್ಮ ಮೇಜಿನ ಡ್ರಾಯರಿನಲ್ಲಿರಲಿ, ಅಷ್ಟರಲ್ಲಿ ನಾವು ಹೇಳಿದಂತೆ ಮಾಡಿ ನೋಡಿರೆಂದೆವು. ಅಂದು ಹೇಳಿದ್ದನ್ನು ಇಂದು ಎಲ್ಲ ವಾಚಕರಿಗಾಗಿ ಬರೆಯುತ್ತಿದ್ದೇವೆ. ಇಂಥ ಮರಿಗಳು ಅನೇಕ ಖೋಲಿಗಳಿಗೆ ಬರುತ್ತವೆ. ಬಂದವುಗಳಲ್ಲಿ ಕೆಲವು ಬೀದಿಗೆ ಬೀಳುತ್ತವೆ.

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ನಾವು ಹೋಟೆಲಿನ ಗಲ್ಲಾದ ಮೇಲೆ ಕುಳಿತಿದ್ದ ಕಾಲದಲ್ಲಿ ಒಂದು ಮರಿಯನ್ನು ಸಾಕಿದ್ದೆವು. ನಾಯಿಯನ್ನು ಹೊಡೆಯಲು ಬಣ್ಣದ ಕೋಲೇಕೆ ಎಂಬ ಗಾದೆಯನ್ನು ನಂಬಿ, ಕೈಗೆ ಸಿಕ್ಕಿದ ಕೋಲನ್ನೇ ಬಳಸಿದೆವು. ಮಾಡಿದ ಹೊಲಸಿನಲ್ಲಿ ಅದರ ಮೂಗನ್ನೂ ಒತ್ತಿದೆವು. ಇದರಿಂದ ಮರಿ ಕಲಿತ ಪಾಠ ಒಂದೇ: ನಮ್ಮ ಕಣ್ಣೆದುರಿನಲ್ಲಿ ಮಾಡಬಾರದು, ಅಕ್ಕಿಯ ಚೀಲಗಳ ಹಿಂದೆ ಹೋಗಿ ಮಾಡಬೇಕು. ಊರಿನಿಂದ ಹೊಸದಾಗಿ ಬಂದ ಮಾಣಿಗೆ ಯಾವ ಮೇಜಿಗೆ ಯಾವಾಗ ನೀರಿಡಬೇಕೆಂದು ತೋರಿಸಿಕೊಡದೆ, ಲೋಟ ಒಡೆದಾಗ ಮಾತ್ರ ಗದರಿಸುವ ಯಜಮಾನನ ಬುದ್ಧಿ ನಮ್ಮದಾಗಿತ್ತು. ಶಿಕ್ಷಣಕ್ಕೂ ಶಿಕ್ಷೆಗೂ ಇರುವ ಅಂತರವನ್ನು ನಾವು ಆಗ ಅರಿತಿರಲಿಲ್ಲ.

ಬೈದಾಗ ನಾಯಿ ಕಿವಿ ಇಳಿಸಿ ಮುಖ ತಿರುಗಿಸುವುದನ್ನು ಕಂಡು, ತಪ್ಪು ಅದಕ್ಕೆ ತಿಳಿದಿದೆಯೆಂದು ನಾವು ಭಾವಿಸುತ್ತೇವೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿ ಇದನ್ನು 14 ನಾಯಿಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ತಿನ್ನಬಾರದೆಂದ ತಿಂಡಿಯನ್ನು ನಾಯಿ ತಿಂದಿರಲಿ, ಬಿಟ್ಟಿರಲಿ, ಒಡೆಯನು ಗದರಿಸಿದಾಗಲೆಲ್ಲ ಆ ಅಪರಾಧಿಯ ಮುಖ ಕಾಣಿಸಿಕೊಂಡಿತು. ಅಂದರೆ ಅದು ಪಶ್ಚಾತ್ತಾಪವಲ್ಲ, ಒಡೆಯನ ಮುಖ ಕಂಡ ಅಂಜಿಕೆ. ಒಂದು ಗಂಟೆಯ ಹಿಂದೆ ಮಾಡಿದ್ದಕ್ಕೆ ಈಗ ಹೊಡೆದರೆ, ಏಟು ಯಾವುದಕ್ಕೆಂದು ಮರಿಗೆ ತಿಳಿಯುವುದೇ ಇಲ್ಲ.

ಹಾಗಾದರೆ ಕಲಿಸುವುದು ಹೇಗೆ? ಅರ್ಧ ಪಾಠವನ್ನು ಪ್ರಕೃತಿಯೇ ಕಲಿಸಿಕೊಟ್ಟಿದೆ. ಹುಟ್ಟಿದ ಮೊದಲ ದಿನಗಳಲ್ಲಿ ಮರಿಯ ಹೊಲಸನ್ನು ತಾಯಿನಾಯಿಯೇ ನೆಕ್ಕಿ ಶುಚಿಮಾಡುತ್ತದೆ. ಸುಮಾರು ಮೂರು ವಾರವಾಗುತ್ತಲೇ ಮರಿಯು ತೂರಾಡುತ್ತಲಾದರೂ ಮಲಗುವ ಜಾಗದಿಂದ ದೂರ ಸರಿದು ಮಾಡತೊಡಗುತ್ತದೆ. ಮಲಗುವ ಠಾವನ್ನು ಕೆಡಿಸಬಾರದೆಂಬ ಈ ಹುಟ್ಟುಗುಣವೇ ಗೂಡಿನ ಶಿಕ್ಷಣಕ್ಕೆ ಆಧಾರ.

ಗೂಡೆಂದರೆ ಅಂಗಡಿಯಲ್ಲಿ ದೊರೆಯುವ ತಂತಿಯದೇ ಆಗಬೇಕೆಂದಿಲ್ಲ. ಮೊಳೆ ಕಿತ್ತು, ಸಿಬಿರು ಉಜ್ಜಿ ನಯಗೊಳಿಸಿದ ಹಣ್ಣಿನ ಮರದ ಪೆಟ್ಟಿಗೆಯೂ ಆದೀತು. ಗಾಳಿಯಾಡಬೇಕು, ಬಿಸಿಲಾಗಲಿ ಒಲೆಯ ಕಾವಾಗಲಿ ತಟ್ಟಬಾರದು. ಮರಿಯು ಅದರಲ್ಲಿ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಧ್ಯವಿರಬೇಕು. ಅದಕ್ಕಿಂತ ಬಹಳ ದೊಡ್ಡದಾದರೆ ಒಂದು ಮೂಲೆಯನ್ನು ಪಾಯಿಖಾನೆ ಮಾಡಿಕೊಂಡು ಇನ್ನೊಂದರಲ್ಲಿ ಮಲಗೀತು. ಒಳಗೆ ಹಳೆಯ ಸೀರೆಯ ತುಂಡೊಂದನ್ನು ಹಾಸಿರಿ.

ಮೊದಲ ದಿನಗಳಲ್ಲಿ ಬಾಗಿಲು ತೆರೆದೇ ಇರಲಿ, ಊಟವನ್ನು ಗೂಡಿನೊಳಗೇ ಇಡಿರಿ. ತಾನಾಗಿ ಹೋಗಿ ಬರತೊಡಗಿದ ಮೇಲೆ, ಉಣ್ಣುವಷ್ಟು ಹೊತ್ತು ಮಾತ್ರ ಬಾಗಿಲು ಮುಚ್ಚಿರಿ; ಮರುದಿನ ಐದು ನಿಮಿಷ, ಆಮೇಲೆ ಹತ್ತು, ಹೀಗೆ ಏರಿಸಿರಿ. ಗೂಡನ್ನು ಎಂದೂ ಸೆರೆಮನೆ ಮಾಡತಕ್ಕದ್ದಲ್ಲ. ಕೋಪ ಬಂದಾಗ ಒಳಗೆ ತಳ್ಳಿ ಚಿಲಕ ಹಾಕಿದರೆ ಅದುವರೆಗಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುವುದು.

ಉಳಿದದ್ದೆಲ್ಲ ಗಡಿಯಾರದ ಕೆಲಸ. ಮರಿಯ ವಯಸ್ಸು ಎಷ್ಟು ತಿಂಗಳೋ ಹೆಚ್ಚೆಂದರೆ ಅಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದೆಂಬುದು ಸ್ಥೂಲ ಲೆಕ್ಕ. ಸಣ್ಣ ಜಾತಿಯ ಮರಿಯ ಮೂತ್ರಕೋಶವೂ ಸಣ್ಣದು. ಆದುದರಿಂದ ಲೆಕ್ಕಕ್ಕಿಂತ ಸ್ವಲ್ಪ ಮುಂಚೆಯೇ ಏಳಿರಿ. ನಿದ್ದೆಯಿಂದ ಎದ್ದ ಕೂಡಲೆ, ಉಂಡ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ, ಆಟ ಮುಗಿದಾಗ, ರಾತ್ರಿ ಮಲಗುವ ಮುನ್ನ ಅದನ್ನು ಒಂದೇ ಜಾಗಕ್ಕೆ ಒಯ್ಯಬೇಕು. ಮೊದಲ ಕೆಲವು ವಾರ ನಡುರಾತ್ರಿ ಒಮ್ಮೆ ಏಳುವುದೂ ತಪ್ಪದು. ಬೆಳಗಿನ ನಾಲ್ಕಕ್ಕೆದ್ದು ಅಡಿಗೆಮನೆಯ ಒಲೆ ಹೊತ್ತಿಸುವ ನಮ್ಮ ಹೋಟೆಲ್ ಬಂಧುಗಳಿಗೆ ಇದು ದೊಡ್ಡ ಮಾತಲ್ಲ.

ಯಾವ ಜಾಗ? ಲಸಿಕೆಗಳು ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳಾಗುವವರೆಗೆ, ಬೀದಿನಾಯಿಗಳು ತಿರುಗುವ ನೆಲದಲ್ಲಿ ಮರಿಯನ್ನು ಇಳಿಸಬಾರದು. ಪಾರ್ವೋ ಎಂಬ ಮಾರಕ ರೋಗ ಹೊಲಸಿನ ಮೂಲಕ ಹರಡುತ್ತದೆ. ಆದುದರಿಂದ ಖೋಲಿಯ ಮೋರಿಯಲ್ಲಿ ಹಳೆಯ ಪತ್ರಿಕೆ ಹಾಸಿದರೆ ಸಾಕು. ನಮ್ಮ ಪತ್ರಿಕೆಯನ್ನೇ ಹಾಸಿದರೂ ನಮಗೆ ಬೇಸರವಿಲ್ಲ. ಓದಿದ ಮೇಲೆ ಹಾಸಿರೆಂದಷ್ಟೇ ಪ್ರಾರ್ಥನೆ. ಅಲ್ಲಿ ಮಾಡಿದ ಕ್ಷಣವೇ, ಮಾಡಿ ಮುಗಿಸಿ ಓಡುವ ಮೊದಲೇ, ಒಂದು ಒಳ್ಳೆಯ ಮಾತು, ಒಂದು ಚೂರು ತಿಂಡಿ. ತಡವಾದ ಬಹುಮಾನವೂ ತಡವಾದ ಏಟಿನಂತೆಯೇ ವ್ಯರ್ಥ.

ಹೊತ್ತಿಗೆ ಸರಿಯಾಗಿ ಉಂಡ ಮರಿ ಹೊತ್ತಿಗೆ ಸರಿಯಾಗಿ ಹೊರಗೆ ಹೋಗುವುದು. ಎರಡು ಮೂರು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ನಿಗದಿಯಾದ ವೇಳೆಗೆ ಊಟವಿಡಿರಿ, ಇಪ್ಪತ್ತು ನಿಮಿಷದ ಮೇಲೆ ತಟ್ಟೆ ಎತ್ತಿರಿ. ಕುಡಿಯುವ ನೀರನ್ನು ಮಾತ್ರ ತಡೆಯಬೇಡಿರಿ. ಹೋಟೆಲಿನಲ್ಲಿ ಉಳಿದ ಸಾಂಬಾರು, ಪಲ್ಯ ಕೊಡುವವರಿಗೆ ಒಂದು ಎಚ್ಚರಿಕೆ: ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತವೆ, ಶಿರಾದಲ್ಲಿರುವ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಅದೂ ಅಲ್ಲದೆ, ಸಿಕ್ಕಿದ್ದನ್ನು ತಿಂದು ಭೇದಿಯಾದ ಮರಿಗೆ ಯಾವ ಶಿಕ್ಷಣವೂ ಹತ್ತದು.

ತಪ್ಪು ನಡೆದೇ ನಡೆಯುತ್ತದೆ. ಆಗ ಬಾಯಿ ಮುಚ್ಚಿ ನೆಲ ಒರೆಸಿರಿ. ಫಿನಾಯಿಲ್ ನಾಯಿಗೆ ವಿಷಕರ. ಸಾಬೂನಿನ ನೀರಿನಿಂದ ತೊಳೆದು, ಸಮಭಾಗ ನೀರು ಬೆರೆಸಿದ ವಿನೆಗರಿನಿಂದ ಒರೆಸಿದರೆ ವಾಸನೆ ಅಡಗುವುದು. ಅಮೃತಶಿಲೆಯ ನೆಲಕ್ಕೆ ಮಾತ್ರ ಹುಳಿ ತಗುಲಿಸಬಾರದು. ವಾಸನೆ ಉಳಿದ ಠಾವಿಗೆ ಮರಿ ಮತ್ತೆ ಬರುತ್ತದೆ. ಕಲಿತ ನಾಯಿ ಇದ್ದಕ್ಕಿದ್ದಂತೆ ಪದೇ ಪದೇ ತೇವ ಮಾಡತೊಡಗಿದರೆ ಅದು ಹಟವಲ್ಲ, ರೋಗವಿರಬಹುದು, ಪಶುವೈದ್ಯರಿಗೆ ತೋರಿಸತಕ್ಕದ್ದು. ಪೂರ್ಣ ಭರವಸೆ ಬರಲು ಆರು ತಿಂಗಳು ಬೇಕಾದೀತು; ಸಣ್ಣ ಜಾತಿಗೆ ಇನ್ನೂ ಹೆಚ್ಚು.

ಇನ್ನೊಂದು ಕಟುವಾದ ಮಾತು. ಬೆಳಿಗ್ಗೆ ಎಂಟರ ಲೋಕಲ್ ಹಿಡಿದು ರಾತ್ರಿ ಎಂಟಕ್ಕೆ ಮರಳುವವರು, ಮನೆಯಲ್ಲಿ ಬೇರಾರೂ ಇಲ್ಲದಿದ್ದರೆ, ಮರಿಯನ್ನು ತರಬಾರದು. ಹಗಲಿನಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಮರಿಯನ್ನು ಗೂಡಿನಲ್ಲಿ ಮುಚ್ಚಿಡುವುದು ಶಿಕ್ಷಣವಲ್ಲ, ಹಿಂಸೆ. ಪ್ರಾಣಿಯನ್ನು ಚಲನೆಗೆ ಸಾಲದ ಪಂಜರದಲ್ಲಿಡುವುದನ್ನೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಅದನ್ನು ಕಾರಣವಿಲ್ಲದೆ ತೊರೆಯುವುದನ್ನೂ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಅಪರಾಧವೆಂದು ಎಣಿಸಿದೆ. ಕಾಯಿದೆಗಿಂತ ಹಳೆಯ ಮಾತೊಂದು ನಮ್ಮ ಮಹಾಭಾರತದಲ್ಲಿದೆ: ಜೊತೆಗೆ ಬಂದ ನಾಯಿಯನ್ನು ಬಿಟ್ಟು ಬರುವುದಾದರೆ ತನಗೆ ಸ್ವರ್ಗವೇ ಬೇಡವೆಂದನು ಧರ್ಮರಾಯ. ನಾವು ಬಿಡಲು ಹೊರಟಿರುವುದು ಒಂದು ಒದ್ದೆ ಚಾಪೆಯ ಸಲುವಾಗಿ.

ಐದು ವಾರಗಳ ಮೇಲೆ ಆ ಗುಮಾಸ್ತರು ಮತ್ತೆ ಬಂದರು. ವಾರಕ್ಕೊಂದೆರಡು ತಪ್ಪು ಈಗಲೂ ನಡೆಯುತ್ತದಂತೆ. ಆದರೆ ಮರಿ ತಾನಾಗಿ ಮೋರಿಯ ಕಡೆಗೆ ಓಡುತ್ತದೆ. ಮಧ್ಯಾಹ್ನ ಗೂಡಿಗೆ ತಾನೇ ನುಗ್ಗಿ ಮಲಗುತ್ತದೆ. ಹಗಲೆಲ್ಲ ಗಡಿಯಾರ ನೋಡಿ ಅದನ್ನು ಎತ್ತಿಕೊಂಡು ಹೋಗುವವರು, ಊಟ ಬಿಟ್ಟಿದ್ದ ಆ ತಾಯಿಯವರೇ ಅಂತೆ. ಡ್ರಾಯರಿನಿಂದ ಚೀಟಿ ತೆಗೆದು ಅವರ ಕೈಗೆ ಕೊಟ್ಟೆವು. ಒಂದು ಜಾಹೀರಾತಿನ ಹಣ ಪತ್ರಿಕೆಗೆ ನಷ್ಟವಾಯಿತೆಂದು ಲೆಕ್ಕದ ಪುಸ್ತಕದಲ್ಲಿ ಸಂತೋಷದಿಂದಲೇ ಬರೆದುಕೊಂಡಿದ್ದೇವೆ.