ತಂಗಡಿ: ಗುಂಯ್‌ಗುಟ್ಟಿದರಷ್ಟೇ ಪರಾಗ

ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ರಸ್ತೆ ಬದಿಯಲ್ಲಿ, ಗೋಮಾಳದಲ್ಲಿ, ಕಲ್ಲು ತುಂಬಿದ ಬೀಳು ನೆಲದಲ್ಲಿ ಹಳದಿ ಹೂ ಹೊತ್ತು ನಿಲ್ಲುವ ಪೊದೆ ತಂಗಡಿ. ಕೆಲವೆಡೆ ಇದನ್ನೇ ಆವರಿಕೆ ಎನ್ನುತ್ತಾರೆ. ವಿಜ್ಞಾನಿಗಳಿಗೆ ಇದು ಸೆನ್ನಾ ಆರಿಕ್ಯುಲೇಟಾ. ಭಾರತ, ಶ್ರೀಲಂಕಾಗಳ ಒಣಸೀಮೆಯೇ ಇದರ ತವರು. ತೆಲಂಗಾಣದಲ್ಲಿ ಇದು ರಾಜ್ಯಪುಷ್ಪ, ಬತುಕಮ್ಮ ಹಬ್ಬದ ಹೂರಾಶಿಗೆ ಬೇಕೇ ಬೇಕು. ನಮ್ಮ ಕೈತೋಟಗಳಲ್ಲಿ ಮಾತ್ರ ತಂಗಡಿ ಕಾಣುವುದು ಅಪರೂಪ. ಇದು ಬೇಸರದ ಸಂಗತಿ, ಏಕೆಂದರೆ ಇಷ್ಟು ಕಡಿಮೆ ನೀರಿಗೆ ಇಷ್ಟು ಹೂ ಕೊಡುವ, ಇಷ್ಟು ಜೀವಿಗಳನ್ನು ಕರೆತರುವ ಗಿಡಗಳು ಹೆಚ್ಚಿಲ್ಲ.

ಹೂವನ್ನು ಹತ್ತಿರದಿಂದ ನೋಡಿ. ಐದು ದಳ, ನಡುವೆ ಬಾಗಿದ ಕೇಸರಗಳು. ಮಕರಂದ ಒಂದು ಹನಿಯೂ ಇಲ್ಲ. ಬಂದ ದುಂಬಿಗೆ ಸಿಗುವುದು ಪರಾಗ ಮಾತ್ರ, ಅದೂ ಸುಲಭಕ್ಕಲ್ಲ. ಬಹುಪಾಲು ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿ ತೆರೆದುಕೊಳ್ಳುತ್ತದೆ. ತಂಗಡಿಯಲ್ಲಿ ಮೈಪೌಡರಿನ ಡಬ್ಬಿಯಂತೆ ತುದಿಯಲ್ಲಷ್ಟೇ ಸಣ್ಣ ರಂಧ್ರ. ಕರಿಯ ಬಡಗಿ ದುಂಬಿ ಕೇಸರವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ, ಹಾರಾಟದ ಸ್ನಾಯುಗಳಷ್ಟೇ ವೇಗವಾಗಿ ಕಂಪಿಸುವಂತೆ ಮಾಡುತ್ತದೆ. ಆ ಗುಂಯ್‌ಗುಟ್ಟುವಿಕೆಗೆ ಪರಾಗ ಚಿಮ್ಮುತ್ತದೆ. ಕೇಸರಗಳಲ್ಲಿ ಕೆಲಸದ ಹಂಚಿಕೆಯೂ ಇದೆ: ನಡುವಿನ ಗಿಡ್ಡ ಕೇಸರಗಳ ಪರಾಗ ದುಂಬಿಯ ಊಟಕ್ಕೆ, ಕೆಳಗಿನ ಉದ್ದ ಕೇಸರಗಳದ್ದು ಅದರ ಮೈಗೆ ಅಂಟಿ ಮುಂದಿನ ಹೂವಿನ ಶಲಾಗ್ರ ಸೇರಲು. ಜೇನುನೊಣಗಳಿಗೆ ಹೀಗೆ ಕಂಪಿಸುವ ವಿದ್ಯೆ ಇಲ್ಲ. ಅವು ಉದುರಿದ್ದನ್ನು ಆಯ್ದುಕೊಳ್ಳುತ್ತವೆ.

ಪರಾಗದಲ್ಲಿ ತೋರುವ ಈ ಜಿಪುಣತನ ನೀರಿನಲ್ಲೂ ಉಂಟು. ತಾಯಿಬೇರು ಆಳಕ್ಕಿಳಿದು ತೇವ ಹುಡುಕುತ್ತದೆ. ಎಲೆ ಹಲವು ಜೋಡಿ ಕಿರುಎಲೆಗಳಾಗಿ ಒಡೆದಿರುವುದರಿಂದ ಗಾಳಿಗೇ ಬೇಗ ತಣಿಯುತ್ತದೆ, ತಂಪಾಗಲು ಹೆಚ್ಚು ನೀರನ್ನು ಆವಿ ಮಾಡಬೇಕಿಲ್ಲ. ಕಾಂಡದ ತೊಗಟೆಯಲ್ಲಿ ಟ್ಯಾನಿನ್ ಹೇರಳ. ಚರ್ಮ ಹದ ಮಾಡುವವರು ಹಿಂದಿನಿಂದ ಬಳಸಿದ್ದು ಇದನ್ನೇ. ಆಡು, ದನಗಳೂ ಸಾಮಾನ್ಯವಾಗಿ ಈ ಗಿಡದ ಗೊಡವೆಗೆ ಹೋಗುವುದಿಲ್ಲ. ಆದ್ದರಿಂದಲೇ ಮೇದು ಬೋಳಾದ ಗೋಮಾಳದಲ್ಲೂ ತಂಗಡಿ ಉಳಿಯುತ್ತದೆ.

ಬೆಳೆಸುವುದು ಹೇಗೆ? ಕಂದಾಗಿ ಒಣಗಿದ ಚಪ್ಪಟೆ ಕಾಯಿಗಳಿಂದ ಬೀಜ ಬಿಡಿಸಿ. ಬೀಜದ ಸಿಪ್ಪೆ ಗಟ್ಟಿ, ನೀರು ಒಳಗಿಳಿಯದು. ಉಪ್ಪುಕಾಗದದಲ್ಲಿ ಒಂದು ಬದಿ ಉಜ್ಜಿ ರಾತ್ರಿಯಿಡೀ ನೆನೆಸಿ. ಮುಂಗಾರಿನ ಆರಂಭದಲ್ಲಿ, ಪೂರ್ತಿ ಬಿಸಿಲು ಬೀಳುವ, ನೀರು ನಿಲ್ಲದ ಕಡೆ ನೇರವಾಗಿ ನೆಲಕ್ಕೇ ಊರಿ. ಕಿತ್ತು ನೆಟ್ಟರೆ ತಾಯಿಬೇರಿಗೆ ಪೆಟ್ಟು. ಮೊದಲ ಬೇಸಿಗೆಯಲ್ಲಿ ಆಗಾಗ ನೀರು ಕೊಟ್ಟರೆ ಸಾಕು. ಆಮೇಲೆ ಅತಿ ನೀರೇ ಇದಕ್ಕೆ ಶತ್ರು. ಹೂ ಮುಗಿದ ಮೇಲೆ ಕೊಂಬೆ ಸವರಿದರೆ ಪೊದೆ ದಟ್ಟವಾಗುತ್ತದೆ. ಸವರಿದ ಸೊಪ್ಪು ಒಳ್ಳೆಯ ಹಸಿರೆಲೆ ಗೊಬ್ಬರ.

ಎಲೆ ಮೇಯುವ ಹಸಿರು ಹುಳು ಕಂಡರೆ ಔಷಧ ಹೊಡೆಯಬೇಡಿ. ಅವು ತಂಗಡಿಯಂಥ ಗಿಡಗಳ ಮೇಲೆ ಮೊಟ್ಟೆಯಿಡುವ ಬಿಳಿ, ಹಳದಿ ಚಿಟ್ಟೆಗಳ ಮಕ್ಕಳು. ಬಡಗಿ ದುಂಬಿ ಗೂಡು ಕೊರೆಯಲು ಒಂದು ಒಣ ಮರದ ತುಂಡನ್ನೋ ಬಿದಿರಿನ ಗಳವನ್ನೋ ತೋಟದಲ್ಲಿ ಬಿಡಿ.

ಒಂದು ಎಚ್ಚರಿಕೆ. ಇದೇ ಕುಲದ, ಹಳದಿ ಹೂವಿನ ಅಮೆರಿಕ ಮೂಲದ ಸೆನ್ನಾ ಸ್ಪೆಕ್ಟಾಬಿಲಿಸ್ ಮರವನ್ನು ಅಂದಕ್ಕೆಂದು ತಂದರು. ಇಂದು ಅದು ಬಂಡೀಪುರ, ನಾಗರಹೊಳೆ ಕಾಡುಗಳಿಗೆ ನುಗ್ಗಿ ಸ್ಥಳೀಯ ಗಿಡಗಳನ್ನು ಅದುಮುತ್ತಿದೆ. ಆದ್ದರಿಂದ ನರ್ಸರಿಯಲ್ಲಿ ಹೂವಿನ ಬಣ್ಣ ನೋಡಿ ಕೊಳ್ಳಬೇಡಿ. ನಿಮ್ಮ ಊರಿನ ಬೀಳಿನಲ್ಲಿ ನಿಂತ ತಂಗಡಿಯಿಂದಲೇ ಬೀಜ ತನ್ನಿ. ಅಲ್ಲಿಯ ಮಣ್ಣು, ಮಳೆ, ದುಂಬಿ ಮೂರಕ್ಕೂ ಒಗ್ಗಿದ ಬೀಜ ಅದು.