ಗಾಲಿಯ ಮೇಲೊಂದು ಮನೆ

ಬಸವನಹುಳು ತನ್ನ ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ತಿರುಗುತ್ತದೆ. ನಮ್ಮ ನಾಡಿನಲ್ಲಿ ಲಂಬಾಣಿಗರು ಹಿಂದೆ ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು, ಸಂಸಾರವನ್ನೂ ಜೊತೆಗೆ ಕಟ್ಟಿಕೊಂಡು ಊರಿಂದ ಊರಿಗೆ ಸಾಗುತ್ತಿದ್ದರು. ಇಂದು ಜಗತ್ತಿನ ಹಲವು ದೇಶಗಳಲ್ಲಿ ಇನ್ನೊಂದು ಬಗೆಯ ಸಂಚಾರಿಗಳಿದ್ದಾರೆ. ಇವರ ಮನೆ ಒಂದು ವ್ಯಾನು. ಅದರಲ್ಲೇ ಮಂಚ, ಒಲೆ, ನೀರಿನ ತೊಟ್ಟಿ, ಪುಸ್ತಕದ ಕಪಾಟು. ಇಂತಹ ವಾಹನಕ್ಕೆ ‘ಕ್ಯಾಂಪರ್ ವ್ಯಾನ್’ ಎಂದು ಹೆಸರು. ಕೆಲವರು ರಜೆಯಲ್ಲಿ ಹತ್ತು ಹದಿನೈದು ದಿನ ಇದರಲ್ಲಿ ತಿರುಗಾಡಿ ಮನೆಗೆ ಮರಳುತ್ತಾರೆ. ಇನ್ನು ಕೆಲವರಿಗೆ ಬೇರೆ ಮನೆಯೇ ಇಲ್ಲ. ವರ್ಷವಿಡೀ ವ್ಯಾನಿನಲ್ಲೇ ವಾಸ. ಈ ಬದುಕು ಹೇಗೆ ಸಾಗುತ್ತದೆ, ಅದಕ್ಕೆ ಏನೇನು ಬೇಕು, ಅದರಿಂದ ಏಳುವ ಪ್ರಶ್ನೆಗಳು ಯಾವುವು ಎಂಬುದನ್ನು ನ್ಯೂಜಿಲೆಂಡಿನ ಪಶ್ಚಿಮ ಕರಾವಳಿಯ ಉದಾಹರಣೆಯಿಂದ ತಿಳಿಯೋಣ.

ನ್ಯೂಜಿಲೆಂಡ್ ಪೆಸಿಫಿಕ್ ಸಾಗರದ ನೈಋತ್ಯ ಭಾಗದಲ್ಲಿರುವ ದ್ವೀಪದೇಶ. ಅದರ ಎರಡು ದೊಡ್ಡ ದ್ವೀಪಗಳಲ್ಲಿ ದಕ್ಷಿಣದ್ದಕ್ಕೆ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರು ಇಟ್ಟ ಹೆಸರು ‘ತೆ ವಾಯಿಪೌನಾಮು’. ಈ ದ್ವೀಪದ ಪಶ್ಚಿಮ ಕರಾವಳಿಯ ಭೂರಚನೆ ನಮ್ಮ ಮಲಬಾರಿನವರಿಗೆ ಬೇಗ ಅರ್ಥವಾಗುತ್ತದೆ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಉದ್ದಕ್ಕೂ ಹಬ್ಬಿದ ಪರ್ವತಶ್ರೇಣಿ, ನಡುವೆ ಕಿರಿದಾದ ನೆಲ. ನಮ್ಮಲ್ಲಿ ಅರಬ್ಬಿ ಸಮುದ್ರದ ಮೋಡಗಳನ್ನು ಪಶ್ಚಿಮಘಟ್ಟ ತಡೆದು ಮಳೆ ಸುರಿಸುವಂತೆ, ಅಲ್ಲಿ ಟಾಸ್ಮನ್ ಸಮುದ್ರದ ಮೋಡಗಳನ್ನು ‘ದಕ್ಷಿಣ ಆಲ್ಪ್ಸ್’ ಪರ್ವತಗಳು ತಡೆಯುತ್ತವೆ. ಈ ಶ್ರೇಣಿಯ ಅತಿ ಎತ್ತರದ ಶಿಖರವಾದ ಅಓರಕಿ 3,724 ಮೀಟರ್ ಎತ್ತರವಿದೆ. ಕಾಸರಗೋಡಿನಲ್ಲಿ ಮಳೆಯ ಹೆಚ್ಚಿನ ಪಾಲು ಜೂನ್ ತಿಂಗಳಿಂದ ಕೆಲವು ತಿಂಗಳುಗಳಲ್ಲೇ ಸುರಿದುಬಿಡುತ್ತದೆ. ಅಲ್ಲಿ ಹಾಗಲ್ಲ, ವರ್ಷದ ಎಲ್ಲ ತಿಂಗಳಲ್ಲೂ ಮಳೆ.

ಈ ಕರಾವಳಿಯ ವೆಸ್ಟ್‌ಪೋರ್ಟ್ ಎಂಬ ಊರಿನಿಂದ ದಕ್ಷಿಣದ ಹಾಸ್ಟ್‌ವರೆಗೆ ಸುಮಾರು 400 ಕಿಲೋಮೀಟರ್ ದಾರಿ. ಅದು 6ನೆಯ ರಾಜ್ಯ ಹೆದ್ದಾರಿಯ ಒಂದು ಭಾಗ. ದಾರಿಯಲ್ಲಿ ಮೊದಲು ಸಿಗುವುದು ಪುನಕೈಕಿ. ಅಲ್ಲಿನ ಸುಣ್ಣಕಲ್ಲಿನ ಬಂಡೆಗಳು ಒಂದರ ಮೇಲೊಂದು ಪೇರಿಸಿಟ್ಟ ದೋಸೆಗಳಂತೆ ಪದರಪದರವಾಗಿ ನಿಂತಿವೆ. ಉಬ್ಬರದ ಹೊತ್ತಿನಲ್ಲಿ ಅಲೆಗಳು ಬಂಡೆಯ ಅಡಿಯ ಪೊಳ್ಳುಗಳಿಗೆ ನುಗ್ಗಿ, ಮೇಲಿನ ರಂಧ್ರಗಳಿಂದ ಕಾರಂಜಿಯಂತೆ ಚಿಮ್ಮುತ್ತವೆ. ಮುಂದೆ ಹೊಕಿಟಿಕ. 1860ರ ದಶಕದಲ್ಲಿ ಚಿನ್ನದ ಆಸೆಯಿಂದ ಬಂದವರು ಕಟ್ಟಿದ ಪಟ್ಟಣವಿದು. ಅದಕ್ಕೂ ದಕ್ಷಿಣಕ್ಕೆ ಫ್ರಾಂಜ್ ಜೋಸೆಫ್ ಮತ್ತು ಫಾಕ್ಸ್ ಎಂಬ ಹಿಮನದಿಗಳು. ಇವೆರಡೂ ಇತ್ತೀಚಿನ ವರ್ಷಗಳಲ್ಲಿ ಕರಗಿ ಬಹಳ ಹಿಂದೆ ಸರಿದಿವೆ. ಅಲ್ಲಿಂದ ಮುಂದೆ ದಾರಿ ಕಾಡಿನೊಳಗೆ ಸಾಗಿ, ಬ್ರೂಸ್ ಕೊಲ್ಲಿ ಮತ್ತು ನೈಟ್ಸ್ ಪಾಯಿಂಟ್ ಬಳಿ ಮತ್ತೆ ಸಮುದ್ರವನ್ನು ಕಾಣುತ್ತದೆ. ಹಾಸ್ಟ್ ದಾಟಿದ ಮೇಲೆ ಹೆದ್ದಾರಿ ಕಡಲನ್ನು ಬಿಟ್ಟು ಘಾಟಿ ಏರುತ್ತದೆ.

ಉತ್ತರದಿಂದ ಹಾಸ್ಟ್‌ಗೆ ರಸ್ತೆ ಕೂಡಿದ್ದು 1965ರಲ್ಲಿ ಮಾತ್ರ. ಇಂದಿಗೂ ಅಲ್ಲಿ ಊರುಗಳು ವಿರಳ, ಬಳಸುದಾರಿಗಳು ಇಲ್ಲವೆಂದೇ ಹೇಳಬೇಕು. 2019ರ ಮಾರ್ಚ್ ತಿಂಗಳಲ್ಲಿ ಭಾರೀ ಮಳೆಯಿಂದ ವೈಹೊ ನದಿ ಉಕ್ಕಿ, ಫ್ರಾಂಜ್ ಜೋಸೆಫ್ ಬಳಿಯ ಹೆದ್ದಾರಿ ಸೇತುವೆ ಕೊಚ್ಚಿಹೋಯಿತು. ಹೊಸ ಸೇತುವೆ ನಿಲ್ಲುವವರೆಗೆ, ಸುಮಾರು ಎರಡೂವರೆ ವಾರ, ದಾರಿ ಎರಡು ತುಂಡಾಗಿತ್ತು. ಇಂತಹ ಪ್ರದೇಶದಲ್ಲಿ ಬದುಕುವ ಸಂಚಾರಿಗೆ ನೋಟದ ಚೆಲುವಿನಷ್ಟೇ ಮುಖ್ಯವಾದುದು ಸಂಗ್ರಹದ ಲೆಕ್ಕ. ಇಂಧನ, ಆಹಾರ, ನೀರು, ವಿದ್ಯುತ್ತು ಎಷ್ಟಿದೆ, ಎಷ್ಟು ದಿನ ಬರುತ್ತದೆ ಎಂಬುದು ಅವನಿಗೆ ದಿನವೂ ತಿಳಿದಿರಬೇಕು.

ಮೊದಲು ವಿದ್ಯುತ್ತಿನ ಲೆಕ್ಕ ನೋಡೋಣ. ವ್ಯಾನಿನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳಿರುತ್ತವೆ. ಒಂದು ಎಂಜಿನ್ ಚಾಲೂ ಮಾಡಲು, ಇನ್ನೊಂದು ಮನೆಬಳಕೆಗೆ. ಎಂಜಿನ್ ಓಡುವಾಗ ಎರಡೂ ತುಂಬಿಕೊಳ್ಳುತ್ತವೆ. ವಾಹನ ನಿಂತಾಗ ಮನೆಯ ಬ್ಯಾಟರಿಯಷ್ಟೇ ಖರ್ಚಾಗುವಂತೆ ಜೋಡಣೆ ಇರುತ್ತದೆ. ಇಲ್ಲವಾದರೆ ರಾತ್ರಿ ದೀಪ ಉರಿಸಿದವನು ಬೆಳಿಗ್ಗೆ ವ್ಯಾನನ್ನು ತಳ್ಳಬೇಕಾದೀತು! 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಸಣ್ಣ ಫ್ರಿಜ್ಜಿಗೆ ದಿನಕ್ಕೆ 500, ದೀಪ ಮತ್ತು ಮೊಬೈಲಿಗೆ 100 ಎಂದಿಟ್ಟುಕೊಂಡರೆ ದಿನದ ಖರ್ಚು 600. ಅಂದರೆ ಎರಡು ದಿನಕ್ಕೆ ಸಾಕು. ಆದರೆ ಬ್ಯಾಟರಿ ಸೀಸ-ಆಮ್ಲದ್ದಾದರೆ ಅರ್ಧಕ್ಕಿಂತ ಹೆಚ್ಚು ಬಳಸುವುದು ಒಳ್ಳೆಯದಲ್ಲ, ಅದರ ಬಾಳಿಕೆ ಕುಗ್ಗುತ್ತದೆ. ಆಗ ಒಂದೇ ದಿನ. ಚಾವಣಿಯ ಮೇಲಿನ ಸೌರಫಲಕ ಬಿಸಿಲಿದ್ದಾಗ ಈ ಕೊರತೆಯನ್ನು ತುಂಬುತ್ತದೆ. ಮೋಡ ಕವಿದ ಕರಾವಳಿಯಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ.

ಅಡುಗೆಗೆ ನಮ್ಮಲ್ಲಿರುವಂತೆ ಗ್ಯಾಸ್ ಸಿಲಿಂಡರ್. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಆದುದರಿಂದ ಸಿಲಿಂಡರನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು, ಅದರ ತಳದಲ್ಲಿ ಹೊರಕ್ಕೆ ರಂಧ್ರ ಬಿಟ್ಟಿರುತ್ತಾರೆ. ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಒಲೆ ಉರಿಸಿ ಮೈ ಕಾಯಿಸಿಕೊಳ್ಳುವುದು ಪ್ರಾಣಕ್ಕೇ ಅಪಾಯ. ಪೂರ್ತಿ ಉರಿಯದ ಇಂಧನದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಪತ್ತೆಹಚ್ಚಿ ಎಚ್ಚರಿಸುವ ಗಂಟೆಯನ್ನು ತಿಳಿದವರು ವ್ಯಾನಿನಲ್ಲಿ ಅಳವಡಿಸಿರುತ್ತಾರೆ. ಮಲಗಿದವರ ಉಸಿರಿನ ತೇವ ತಣ್ಣನೆಯ ಗಾಜಿನ ಮೇಲೆ ಹನಿಗಟ್ಟಿ ಹಾಸಿಗೆಯನ್ನು ಒದ್ದೆ ಮಾಡುವುದೂ ಉಂಟು. ಎಷ್ಟೇ ಚಳಿಯಿದ್ದರೂ ಗಾಳಿಯಾಡಲು ಒಂದು ಸಂದು ಬಿಡಲೇಬೇಕು.

ಇನ್ನು ನೀರು. ಭಾರತದಲ್ಲಿ 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮೀಣ ಮನೆಗಳಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಅಳತೆಯನ್ನು ಇಟ್ಟುಕೊಂಡಿದೆ. ನ್ಯೂಜಿಲೆಂಡಿನಲ್ಲಿ ಒಂದು ವ್ಯಾನನ್ನು ‘ಸ್ವಯಂಪೂರ್ಣ’ ಎಂದು ಒಪ್ಪಿಕೊಳ್ಳಲು ಅದರಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರಿನಂತೆ ಮೂರು ದಿನಕ್ಕಾಗುವಷ್ಟು, ಅಂದರೆ ತಲೆಗೆ 12 ಲೀಟರ್ ನೀರು ಹಿಡಿಯುವ ತೊಟ್ಟಿ ಇರಬೇಕು. ಕುಡಿಯಲು, ಬೇಯಿಸಲು, ಪಾತ್ರೆ ತೊಳೆಯಲು ಎಲ್ಲಕ್ಕೂ ಅದೇ. ನಲ್ಲಿ ತಿರುಗಿಸಿ ಬಿಟ್ಟು ಮಾತಾಡುತ್ತ ನಿಲ್ಲುವ ಅಭ್ಯಾಸ ಇಲ್ಲಿ ಒಂದೇ ದಿನದಲ್ಲಿ ಬಿಟ್ಟುಹೋಗುತ್ತದೆ.

ಒಳಗೆ ಬಂದ ನೀರು ಹೊರಗೆ ಹೋಗಲೇಬೇಕಲ್ಲವೇ? ಎಲ್ಲಿಗೆ ಹೋಗಬೇಕು? ಗಾಲಿಮನೆಯ ಬಹುಮುಖ್ಯ ಪ್ರಶ್ನೆ ಇದೇ. ಊರಿನ ಮನೆಯಲ್ಲಿ ಬಳಸಿದ ನೀರು ಗುಂಡಿಗೋ ಚರಂಡಿಗೋ ಸೇರಿ ನಮ್ಮ ಕಣ್ಣಿಂದ ಮರೆಯಾಗುತ್ತದೆ. ವ್ಯಾನಿನಲ್ಲಿ ಅದು ಇನ್ನೊಂದು ತೊಟ್ಟಿಯಲ್ಲಿ ನಮ್ಮ ಜೊತೆಗೇ ಪ್ರಯಾಣ ಮಾಡುತ್ತದೆ. ಶೌಚದ ಪೆಟ್ಟಿಗೆಯೂ ಅಷ್ಟೇ. ಈ ಎರಡನ್ನೂ ಖಾಲಿ ಮಾಡಲು ಊರುಗಳಲ್ಲಿ ಗೊತ್ತುಪಡಿಸಿದ ವಿಸರ್ಜನಾ ಕೇಂದ್ರಗಳಿವೆ. ಶಿಸ್ತಿನ ಸಂಚಾರಿ ತನ್ನ ದಿನಚರಿಯನ್ನು ನೋಡಬೇಕಾದ ತಾಣಗಳಿಗೆ ಹೊಂದಿಸುವ ಮೊದಲು ಈ ಕೇಂದ್ರಗಳಿಗೆ ಹೊಂದಿಸಿಕೊಳ್ಳುತ್ತಾನೆ.

ಎಲ್ಲರೂ ಹೀಗಿರಲಿಲ್ಲ. ಹಾಸಿಗೆಯೊಂದನ್ನು ಎಸೆದುಕೊಂಡು ಹಳೆಯ ಕಾರುಗಳಲ್ಲಿ ಹೊರಟವರು ಕಡಲತೀರ, ಸರೋವರದ ದಂಡೆಗಳಲ್ಲಿ ರಾತ್ರಿ ಕಳೆದು, ಗಲೀಜನ್ನು ಪೊದೆಗಳ ಮರೆಯಲ್ಲಿ ಬಿಟ್ಟುಹೋದರು. ಸುಂದರವಾದ ದಂಡೆಗೆ ಬೆಳಿಗ್ಗೆ ಮಕ್ಕಳೊಂದಿಗೆ ಬಂದ ಸ್ಥಳೀಯರಿಗೆ ಕಂಡದ್ದು ಕಾಗದ ಮತ್ತು ಹೊಲಸು. ಊರವರ ಅಸಮಾಧಾನ ಬೆಳೆಯಿತು. 2011ರಲ್ಲಿ ಸರಕಾರ ಒಂದು ಕಾಯಿದೆಯನ್ನು ತಂದಿತು. ಸಾರ್ವಜನಿಕ ನೆಲದಲ್ಲಿ ತಂಗುವುದಕ್ಕೆ ಅದು ಅವಕಾಶ ಕೊಟ್ಟಿತು; ಜೊತೆಗೆ, ಅಗತ್ಯವಿದ್ದ ಕಡೆ ನಿಷೇಧ ಅಥವಾ ನಿರ್ಬಂಧ ಹೇರುವ ಅಧಿಕಾರವನ್ನು ಸ್ಥಳೀಯ ಆಡಳಿತಗಳಿಗೆ ನೀಡಿತು. 2023ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಸ್ವಯಂಪೂರ್ಣ ಎನಿಸಿಕೊಳ್ಳಲು ವಾಹನದಲ್ಲಿ ಶೌಚಾಲಯ ಕದಲದಂತೆ ಜೋಡಿಸಿರಬೇಕು. ಹಾಸಿಗೆ ಬಿಡಿಸಿದ್ದಾಗಲೂ ಅದನ್ನು ಬಳಸಲು ಆಗಬೇಕು. ಹೆಸರಿಗೆ ಒಂದು ಪೆಟ್ಟಿಗೆಯನ್ನು ಮಂಚದಡಿ ತಳ್ಳಿ ಪ್ರಮಾಣಪತ್ರ ಪಡೆಯುವುದನ್ನು ಇದು ತಡೆಯಿತು.

ಆದರೆ ವ್ಯಾನಿನಲ್ಲಿ ಮಲಗುವವರೆಲ್ಲ ಪ್ರವಾಸಿಗಳೇ? ಅಲ್ಲ. ನಿವೃತ್ತರಾದ ಮೇಲೆ ಮನೆ ಮಾರಿ ಸಂತೋಷದಿಂದ ಹೊರಟವರಿದ್ದಾರೆ. ಬಾಡಿಗೆ ಕೊಡಲಾರದೆ ವ್ಯಾನಿಗೆ ಬಂದವರೂ ಇದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ವಾಹನ. ಒಬ್ಬರಿಗೆ ಅದು ಬಿಡುಗಡೆ, ಇನ್ನೊಬ್ಬರಿಗೆ ಕೊನೆಯ ಆಸರೆ. ಸೂರಿಲ್ಲದೆ ವಾಹನದಲ್ಲಿ ಬದುಕುವ ನಿವಾಸಿಗಳನ್ನು ಈ ತಂಗುವಿಕೆಯ ದಂಡದಿಂದ 2023ರ ಕಾಯಿದೆ ಹೊರಗಿರಿಸಿತು. ತಿರುಗಾಟದ ನಿಯಮವು ಬಡತನಕ್ಕೆ ಶಿಕ್ಷೆಯಾಗಬಾರದು ಎಂಬ ವಿವೇಕ ಇದರಲ್ಲಿದೆ. ಆದರೂ ವಿಳಾಸವಿಲ್ಲದ ಬದುಕು ಸುಲಭದ್ದಲ್ಲ. ಅಂಚೆ, ವೈದ್ಯರು, ಬ್ಯಾಂಕು, ಮಕ್ಕಳ ಶಾಲೆ ಎಲ್ಲವೂ ಮೊದಲು ಕೇಳುವುದು ‘ನಿಮ್ಮ ಮನೆ ಎಲ್ಲಿ?’ ಎಂದೇ.

ಸಂಚಾರಿಯಿಂದ ಅವನಿಗೇ ತಿಳಿಯದಂತೆ ಆಗುವ ಹಾನಿಯೂ ಉಂಟು. ‘ಡಿಡಿಮೊ’ ಎಂಬ ಪಾಚಿ 2004ರಲ್ಲಿ ದಕ್ಷಿಣ ದ್ವೀಪದ ನದಿಯೊಂದರಲ್ಲಿ ಕಾಣಿಸಿಕೊಂಡಿತು. ಅದು ನದಿಯ ಕಲ್ಲುಗಳ ಮೇಲೆ ದಪ್ಪನೆಯ ಕಂಬಳಿಯಂತೆ ಹಬ್ಬುತ್ತದೆ. ಒಂದು ನದಿಯಿಂದ ಇನ್ನೊಂದಕ್ಕೆ ಹರಡಲು ಅದಕ್ಕೆ ಒಂದು ಹನಿ ನೀರು ಸಾಕು. ಒದ್ದೆ ಬೂಟು, ದೋಣಿ, ಮೀನಿನ ಗಾಳ ಯಾವುದರಿಂದಲೂ ಅದು ಸಾಗಬಲ್ಲುದು. ಅದಕ್ಕಾಗಿಯೇ ಒಂದು ನೀರಿನಿಂದ ಇನ್ನೊಂದು ನೀರಿಗೆ ಹೋಗುವವರು ತಮ್ಮ ವಸ್ತುಗಳನ್ನು ಪರೀಕ್ಷಿಸಿ, ತೊಳೆದು, ಒಣಗಿಸಬೇಕೆಂದು ಅಲ್ಲಿ ತಿಳಿಹೇಳುತ್ತಾರೆ. ಒಂದೇ ಊರಿನಲ್ಲಿ ಇರುವವನಿಗಿಂತ ದಿನಕ್ಕೊಂದು ನದಿ ದಾಟುವವನ ಹೊಣೆ ಹೆಚ್ಚಿನದು.

ಆ ಕರಾವಳಿಗೆ ಒಡೆಯರಿಲ್ಲ ಎಂದು ಭಾವಿಸುವುದೂ ತಪ್ಪು. ಅಲ್ಲಿನ ನದಿ ಮತ್ತು ತೀರಗಳಲ್ಲಿ ‘ಪೌನಾಮು’ ಎಂಬ ಹಸಿರು ಕಲ್ಲು ಸಿಗುತ್ತದೆ. ದ್ವೀಪದ ಮಾವೊರಿ ಹೆಸರಿನಲ್ಲೇ ಈ ಕಲ್ಲಿನ ಹೆಸರು ಸೇರಿರುವುದನ್ನು ಗಮನಿಸಿ. ತಲೆಮಾರುಗಳಿಂದ ಅದನ್ನು ಕೆತ್ತಿ ಆಯುಧ, ಆಭರಣ ಮಾಡಿಕೊಂಡು ಬಂದ ‘ನೈ ತಾಹು’ ಬುಡಕಟ್ಟಿಗೆ 1997ರ ಕಾಯಿದೆ ಆ ಕಲ್ಲಿನ ಒಡೆತನವನ್ನು ಮರಳಿ ಕೊಟ್ಟಿತು. ದಾರಿಹೋಕನಿಗೆ ಬರಿಯ ಕಲ್ಲಾಗಿ ಕಾಣುವುದು ಅವರಿಗೆ ಪೂರ್ವಜರ ಕೊಡುಗೆ. ಮಾವೊರಿ ಭಾಷೆಯಲ್ಲಿ ‘ತಿಯಾಕಿ’ ಎಂದರೆ ಕಾಪಾಡು, ಜೋಪಾನ ಮಾಡು ಎಂದು ಅರ್ಥ. 2018ರಿಂದ ಆ ದೇಶಕ್ಕೆ ಬರುವ ಪ್ರವಾಸಿಗಳ ಮುಂದೆ ಇಡುತ್ತಿರುವ ಪ್ರತಿಜ್ಞೆಗೆ ಇದೇ ಹೆಸರನ್ನು ಇಟ್ಟಿದ್ದಾರೆ.

ಗಾಲಿಮನೆಗಳು ನಮ್ಮ ಕಡೆಗೂ ಬರುತ್ತಿವೆ. ಕೇರಳ ಸರಕಾರವು 2021ರಲ್ಲಿ ಕಾರವಾನ್ ಪ್ರವಾಸಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ನಮ್ಮ ಕಡಲತೀರವು ಮೀನುಗಾರರು ಬಲೆ ಒಣಗಿಸುವ, ದೋಣಿ ಎಳೆದಿಡುವ ಅಂಗಳ. ಅಲ್ಲಿಗೆ ಬರುವ ವ್ಯಾನು ಎಲ್ಲಿ ನಿಲ್ಲಬೇಕು, ಅದರ ನೀರು ಎಲ್ಲಿಂದ ಬರಬೇಕು, ಹೊಲಸು ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ಯೋಚಿಸುವುದು ಒಳ್ಳೆಯದು. ಮನೆಯನ್ನು ಜೊತೆಗೆ ಒಯ್ಯುವವರು ಮನೆಯ ಕರ್ತವ್ಯಗಳನ್ನೂ ಜೊತೆಗೆ ಒಯ್ಯಬೇಕು. ಬೆಳಿಗ್ಗೆ ವ್ಯಾನು ಹೊರಟ ಮೇಲೆ ಆ ಜಾಗದಲ್ಲಿ ಗಾಲಿಯ ಗುರುತಲ್ಲದೆ ಬೇರೇನೂ ಉಳಿಯದಿದ್ದರೆ, ಊರವರು ಮುಂದೆ ಬರುವ ಸಂಚಾರಿಯನ್ನೂ ಸಂತೋಷದಿಂದ ನಿಲ್ಲಗೊಡುತ್ತಾರೆ.